ಸೋರ್ಸ್‌ನಿಂದ ಕಂಪೈಲ್ ಮಾಡಿದ ತಂತ್ರಾಂಶ ಮತ್ತು ಸಿದ್ಧ ಬೈನರಿ ಪ್ಯಾಕೇಜ್: ವೇಗದ ಅಂತರ

ಪ್ರೋಗ್ರಾಮರ್ ಬರೆದ ಸೋರ್ಸ್ ಕೋಡನ್ನು ಪ್ರೊಸೆಸರ್ ನೇರವಾಗಿ ಓಡಿಸಲಾರದು. ಕಂಪೈಲರ್ ಅದನ್ನು ಯಂತ್ರದ ಆದೇಶಗಳಿಗೆ ಇಳಿಸಬೇಕು. ಹಾಗೆ ಇಳಿಸಿದ ಕಡತವೇ ಬೈನರಿ. ಈ ಕೆಲಸವನ್ನು ಬಳಕೆದಾರರು ತಮ್ಮ ಯಂತ್ರದಲ್ಲೇ ಮಾಡಿಕೊಳ್ಳಬಹುದು. ಇಲ್ಲವೇ ಡೆಬಿಯನ್, ಉಬುಂಟು, ಫೆಡೋರಾದಂಥ ವಿತರಣೆಗಳು ತಮ್ಮ ಸರ್ವರುಗಳಲ್ಲಿ ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜನ್ನು ಇಳಿಸಿಕೊಳ್ಳಬಹುದು. ತಾವೇ ಕಂಪೈಲ್ ಮಾಡಿಕೊಂಡದ್ದು ಹೆಚ್ಚು ವೇಗವಾಗಿ ಓಡುತ್ತದೆ ಎಂಬ ಮಾತು ಲಿನಕ್ಸ್ ಬಳಗದಲ್ಲಿ ಎರಡು ದಶಕಗಳಿಂದ ಬೇರೂರಿದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ದಿನಬಳಕೆಯ ಬಹುಪಾಲು ತಂತ್ರಾಂಶಗಳಲ್ಲಿ ಈ ಅಂತರ ಅಳತೆಗೂ ಸರಿಯಾಗಿ ಸಿಗದಷ್ಟು ಸಣ್ಣದು. ಭಾರೀ ಲೆಕ್ಕಾಚಾರ ಮಾಡುವ ಕೆಲವೇ ತಂತ್ರಾಂಶಗಳಲ್ಲಿ ಮಾತ್ರ ಅದು ಪಟ್ಟುಗಳ ಲೆಕ್ಕದಲ್ಲಿ ಕಾಣುತ್ತದೆ. ಬೆಂಗಳೂರಿನ ಸೂಪರ್‌ಕಂಪ್ಯೂಟರ್ ಕೇಂದ್ರದಲ್ಲಿ ಸಿಗುವ ಉತ್ತರವೂ ಭೀಮಾ ನದಿ ದಂಡೆಯ ಘತ್ತರಗಿ ಎಂಬ ಊರಿನಲ್ಲಿ ಒಂದು ಸಾಧಾರಣ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಸಿಗುವ ಉತ್ತರವೂ ಬೇರೆ ಬೇರೆಯಾಗುವುದು ಇದೇ ಕಾರಣಕ್ಕೆ.

ಅಂತರ ಹುಟ್ಟುವುದೆಲ್ಲಿ

ಪ್ಯಾಕೇಜ್ ಕಟ್ಟುವವರಿಗೆ ಅದು ಯಾವ ಯಂತ್ರದ ಮೇಲೆ ಓಡಲಿದೆ ಎಂಬುದು ಗೊತ್ತಿರುವುದಿಲ್ಲ. ಹಾಗಾಗಿ ಹಳೆಯದು ಹೊಸದು ಎನ್ನದೆ ಎಲ್ಲ ಪ್ರೊಸೆಸರುಗಳಿಗೂ ತಿಳಿಯುವ ಆದೇಶಗಳನ್ನಷ್ಟೇ ಬಳಸುತ್ತಾರೆ. ಇಂದಿನ ಪಿಸಿ, ಲ್ಯಾಪ್‌ಟಾಪುಗಳ ಎಕ್ಸ್86-64 ವಿನ್ಯಾಸ 2003ರಲ್ಲಿ ಎಎಂಡಿ ಕಂಪನಿಯ ಆಪ್ಟರಾನ್ ಪ್ರೊಸೆಸರಿನೊಂದಿಗೆ ಮಾರುಕಟ್ಟೆಗೆ ಬಂತು. ಡೆಬಿಯನ್‌ನ 64 ಬಿಟ್ ಪ್ಯಾಕೇಜುಗಳು ಈಗಲೂ ಕಂಪೈಲ್ ಆಗುವುದು ಆ ತಳಮಟ್ಟಕ್ಕೇ. ಅದರಲ್ಲಿರುವ ಎಸ್‌ಎಸ್‌ಇ2 ಆದೇಶಗಳು 128 ಬಿಟ್ ರಿಜಿಸ್ಟರಿನಲ್ಲಿ ಎರಡು ದಶಮಾಂಶ ಸಂಖ್ಯೆಗಳನ್ನು ಒಟ್ಟಿಗೆ ಕೂಡಿಸುತ್ತವೆ, ಗುಣಿಸುತ್ತವೆ. ಇಂಟೆಲ್ 2013ರಲ್ಲಿ ತಂದ ಹ್ಯಾಸ್ವೆಲ್ ಪೀಳಿಗೆಯಲ್ಲಿ 256 ಬಿಟ್‌ನ ಎವಿಎಕ್ಸ್2 ಬಂತು. ಒಂದೇ ಏಟಿಗೆ ನಾಲ್ಕು ಸಂಖ್ಯೆ. ಜೊತೆಗೆ ಗುಣಾಕಾರ ಮತ್ತು ಸಂಕಲನವನ್ನು ಒಂದೇ ಆದೇಶದಲ್ಲಿ ಮುಗಿಸುವ ಎಫ್‌ಎಂಎ ಬಂತು. ತಳಮಟ್ಟಕ್ಕೆ ಕಟ್ಟಿದ ಪ್ಯಾಕೇಜು ಹ್ಯಾಸ್ವೆಲ್ ಮೇಲೂ ಸರಿಯಾಗಿಯೇ ಓಡುತ್ತದೆ, ಆದರೆ ಈ ಹೊಸ ಆದೇಶಗಳನ್ನು ಮುಟ್ಟುವುದಿಲ್ಲ.

ತನ್ನ ಯಂತ್ರದಲ್ಲೇ ಕಂಪೈಲ್ ಮಾಡುವವರು ಜಿಸಿಸಿ ಕಂಪೈಲರಿಗೆ ‘ಮಾರ್ಚ್=ನೇಟಿವ್’ ಎಂದು ಹೇಳಿದರೆ, ಅದು ಇರುವ ಪ್ರೊಸೆಸರನ್ನು ಗುರುತಿಸಿ ಅದರ ಎಲ್ಲ ಆದೇಶಗಳನ್ನೂ ಬಳಸಿಕೊಳ್ಳುತ್ತದೆ. ಸೋರ್ಸ್ ದಾರಿಯ ವೇಗದ ವಾದವೆಲ್ಲ ನಿಂತಿರುವುದು ಬಹುಮಟ್ಟಿಗೆ ಈ ಒಂದು ಸೂಚನೆಯ ಮೇಲೆ.

ಈ ಸೂಚನೆ ಫಲ ಕೊಡಬೇಕಾದರೆ ಪ್ರೋಗ್ರಾಮ್ ತನ್ನ ಸಮಯವನ್ನು ಅಂಥ ಲೆಕ್ಕದಲ್ಲೇ ಕಳೆಯುತ್ತಿರಬೇಕು. ಪಠ್ಯ ಸಂಪಾದಕ, ಕಡತ ನಿರ್ವಾಹಕ, ಮೇಲ್ ತಂತ್ರಾಂಶ, ಸಣ್ಣ ವೆಬ್ ಸರ್ವರ್ ಇವೆಲ್ಲ ಹೆಚ್ಚು ಹೊತ್ತು ಕಾಯುವುದು ಡಿಸ್ಕಿಗೆ, ನೆಟ್‌ವರ್ಕಿಗೆ, ಮೆಮೊರಿಗೆ, ಕೀಲಿಮಣೆಯ ಮುಂದೆ ಕೂತವರಿಗೆ. ಇವುಗಳನ್ನು ಯಾವ ಸೂಚನೆ ಕೊಟ್ಟು ಕಂಪೈಲ್ ಮಾಡಿದರೂ ವ್ಯತ್ಯಾಸ ಕಾಣುವುದಿಲ್ಲ.

ಬೆಂಗಳೂರಿನ ಲೆಕ್ಕ

ವ್ಯತ್ಯಾಸ ಢಾಳಾಗಿ ಕಾಣುವ ಜಾಗ ಕರ್ನಾಟಕದಲ್ಲೇ ಇದೆ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ 1986ರಲ್ಲಿ ಬೆಂಗಳೂರಿನಲ್ಲಿ ಫ್ಲೋಸಾಲ್ವರ್ ಎಂಬ ಸಮಾನಾಂತರ ಕಂಪ್ಯೂಟರ್ ಕಟ್ಟಿದ ಕಾಲದಿಂದಲೂ ಈ ನಗರದಲ್ಲಿ ವೈಜ್ಞಾನಿಕ ಲೆಕ್ಕಾಚಾರದ ಪರಂಪರೆ ಬೆಳೆದು ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿ. ರಾಜಾರಾಮನ್ ಅವರ ಫೋರ್ಟ್ರಾನ್ ಪಠ್ಯಪುಸ್ತಕ ಹಿಡಿದು ಒಂದಿಡೀ ತಲೆಮಾರು ಪ್ರೋಗ್ರಾಮಿಂಗ್ ಕಲಿತಿತು. ಇಂಥ ಲೆಕ್ಕಾಚಾರದಲ್ಲಿ ಕಂಪೈಲ್ ಮಾಡುವುದು ಹವ್ಯಾಸವಲ್ಲ, ಕೆಲಸದ ಮೊದಲ ಹಂತ.

ಅದೇ ಸಂಸ್ಥೆಯ ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ 2015ರಲ್ಲಿ ಸಹಸ್ರಟಿ ಹೆಸರಿನ ಕ್ರೇ ಎಕ್ಸ್‌ಸಿ40 ಯಂತ್ರವನ್ನು ಸ್ಥಾಪಿಸಿತು. ಜಗತ್ತಿನ ವೇಗದ ಸೂಪರ್‌ಕಂಪ್ಯೂಟರುಗಳನ್ನು ಹೆಸರಿಸುವ ಟಾಪ್500 ಪಟ್ಟಿಯಲ್ಲಿ ಆ ವರ್ಷದ ಜೂನ್‌ನಲ್ಲಿ ಅದರದು 79ನೆಯ ಸ್ಥಾನ. ಪಟ್ಟಿಗೆ ಲೆಕ್ಕ ಹಿಡಿದದ್ದು 2.5 ಗಿಗಾಹರ್ಟ್ಸ್ ವೇಗದ 31,104 ಹ್ಯಾಸ್ವೆಲ್ ಕೋರ್‌ಗಳನ್ನು. ಎವಿಎಕ್ಸ್2 ಮತ್ತು ಎಫ್‌ಎಂಎ ಎರಡನ್ನೂ ಬಳಸಿದರೆ ಹ್ಯಾಸ್ವೆಲ್ ಕೋರ್ ಒಂದು ಗಡಿಯಾರ ಬಡಿತಕ್ಕೆ 16 ದಶಮಾಂಶ ಲೆಕ್ಕ ಮಾಡಬಲ್ಲದು. ಸೆಕೆಂಡಿಗೆ 40 ಗಿಗಾಫ್ಲಾಪ್. ಎಲ್ಲ ಕೋರ್ ಸೇರಿ ಗರಿಷ್ಠ ಮಿತಿ 1,244 ಟೆರಾಫ್ಲಾಪ್. ಲಿನ್‌ಪ್ಯಾಕ್ ಪರೀಕ್ಷೆಯಲ್ಲಿ ಅದು ನಿಜವಾಗಿ ಮುಟ್ಟಿದ್ದು 901.5 ಟೆರಾಫ್ಲಾಪ್. ಈಗ ಅದೇ ಯಂತ್ರದ ಮೇಲೆ ಎಸ್‌ಎಸ್‌ಇ2 ಮಾತ್ರ ಬಲ್ಲ ಪ್ರೋಗ್ರಾಮ್ ಓಡಿಸಿದೆವೆನ್ನಿ. ಬಡಿತಕ್ಕೆ ಹೆಚ್ಚೆಂದರೆ ಎರಡು ಸಂಕಲನ, ಎರಡು ಗುಣಾಕಾರ, ಒಟ್ಟು ನಾಲ್ಕು. ಯಂತ್ರದ ಮಿತಿಯೇ ಸುಮಾರು 311 ಟೆರಾಫ್ಲಾಪಿಗೆ ಇಳಿಯುತ್ತದೆ. ಸಾರ್ವಜನಿಕ ಹಣದಲ್ಲಿ ಕೊಂಡ ಯಂತ್ರದ ಮುಕ್ಕಾಲು ಪಾಲು ಶಕ್ತಿ ಒಂದು ಕಂಪೈಲರ್ ಸೂಚನೆಯ ಕೊರತೆಯಿಂದ ಸುಮ್ಮನೆ ಕೂರುತ್ತದೆ. ಇಂಥ ಕೇಂದ್ರಗಳಲ್ಲಿ ಸೋರ್ಸ್‌ನಿಂದ ಕಂಪೈಲ್ ಮಾಡಿ ಎಂದು ಪಟ್ಟು ಹಿಡಿಯುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಅಭಿಯಾನದಡಿ 2022ರಲ್ಲಿ ಅದೇ ಆವರಣಕ್ಕೆ ಬಂದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗದಲ್ಲಿ ಕ್ಯಾಸ್ಕೇಡ್ ಲೇಕ್ ಪೀಳಿಗೆಯ ಪ್ರೊಸೆಸರುಗಳಿವೆ. ಅವುಗಳಲ್ಲಿ ರಿಜಿಸ್ಟರು 512 ಬಿಟ್‌ಗೆ ಹಿಗ್ಗಿದೆ, ಅಂತರ ಇನ್ನೂ ದೊಡ್ಡದಾಗಿದೆ.

ಅಣುಗಳ ಚಲನೆಯನ್ನು ಲೆಕ್ಕ ಹಾಕುವ ಗ್ರೋಮ್ಯಾಕ್ಸ್ ಇದಕ್ಕೆ ಒಳ್ಳೆಯ ನಿದರ್ಶನ. ಯಾವ ಬಗೆಯ ಆದೇಶ ಬಳಸಬೇಕೆಂಬುದು ಅದನ್ನು ಕಂಪೈಲ್ ಮಾಡುವಾಗಲೇ ತೀರ್ಮಾನವಾಗಿಬಿಡುತ್ತದೆ. ಹಳೆಯ ಆದೇಶಗಳಿಗೆ ಕಟ್ಟಿದ ಪ್ಯಾಕೇಜನ್ನು ಹೊಸ ಯಂತ್ರದಲ್ಲಿ ಓಡಿಸಿದರೆ, ಈ ಯಂತ್ರಕ್ಕೆ ಎವಿಎಕ್ಸ್2 ಉತ್ತಮವಾಗಿತ್ತು ಎಂದು ಲಾಗ್ ಕಡತದಲ್ಲಿ ಅದೇ ಬರೆದಿಡುತ್ತದೆ. ಆಳಂದ ತಾಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಾಗಲಿ, ಬೇರೆ ಯಾವ ಕಾಲೇಜಿನ ಪ್ರಯೋಗಾಲಯದಲ್ಲಾಗಲಿ ವಿದ್ಯಾರ್ಥಿಯೊಬ್ಬರು ಇಂಥ ತಂತ್ರಾಂಶವನ್ನು ದಿನಗಟ್ಟಲೆ ಓಡಿಸುವುದಿದ್ದರೆ, ಮೊದಲು ಆ ಒಂದು ಸಾಲನ್ನು ಓದಿ ನೋಡಬೇಕು. ಅರ್ಧ ಗಂಟೆಯ ಕಂಪೈಲ್ ಕೆಲಸ ವಾರಗಳನ್ನು ಉಳಿಸೀತು.

ಹಾಗೆಂದು ಲೆಕ್ಕಾಚಾರಕ್ಕೆಲ್ಲ ಕಂಪೈಲ್ ಅನಿವಾರ್ಯವೆಂದಲ್ಲ. ಮ್ಯಾಟ್ರಿಕ್ಸ್ ಲೆಕ್ಕಕ್ಕೆ ಬ್ಲಾಸ್ ಎಂಬ ಲೈಬ್ರರಿಯನ್ನು ಬಳಸುತ್ತಾರೆ. ಅದರ ಮೂಲ ಆವೃತ್ತಿಯ ಬದಲು ಓಪನ್‌ಬ್ಲಾಸ್ ಪ್ಯಾಕೇಜನ್ನು ಡೆಬಿಯನ್ ಅಥವಾ ಉಬುಂಟುವಿನಲ್ಲಿ ಒಂದು ಆದೇಶದಿಂದ ಹಾಕಿಕೊಂಡರೆ, ದೊಡ್ಡ ಮ್ಯಾಟ್ರಿಕ್ಸುಗಳ ಗುಣಾಕಾರ ಹತ್ತು ಪಟ್ಟಿಗೂ ಮಿಕ್ಕಿ ಚುರುಕಾಗುವುದು ಅಪರೂಪವೇನಲ್ಲ. ಕಂಪೈಲರಿನ ಗೊಡವೆಯೇ ಇಲ್ಲದೆ ಸಿಗುವ ಈ ಲಾಭ ಎಷ್ಟೋ ಸಂಶೋಧಕರ ಗಮನಕ್ಕೆ ಬರುವುದಿಲ್ಲ.

ಒಂದೇ ಪ್ಯಾಕೇಜಿನೊಳಗೆ ಹಲವು ದಾರಿ

ಓಪನ್‌ಬ್ಲಾಸ್ ಸಿದ್ಧ ಪ್ಯಾಕೇಜಾಗಿದ್ದೂ ವೇಗವಾಗಿರುವುದು ಹೇಗೆ? ಒಂದೇ ಕೆಲಸದ ಕೋಡನ್ನು ಹಲವು ಪ್ರೊಸೆಸರುಗಳಿಗೆ ಬೇರೆ ಬೇರೆಯಾಗಿ ಕಂಪೈಲ್ ಮಾಡಿ, ಎಲ್ಲವನ್ನೂ ಅದೇ ಬೈನರಿಯಲ್ಲಿ ಇಟ್ಟಿರುತ್ತಾರೆ. ಪ್ರೋಗ್ರಾಮ್ ಶುರುವಾದಾಗ ಪ್ರೊಸೆಸರ್ ಯಾವುದೆಂದು ಕೇಳಿ ತಕ್ಕದ್ದನ್ನು ಆರಿಸಿಕೊಳ್ಳುತ್ತದೆ. ಮೆಮೊರಿಯಲ್ಲಿ ದತ್ತಾಂಶ ನಕಲಿಸುವಂಥ ಮೂಲಕೆಲಸಕ್ಕೂ ಜಿಲಿಬ್‌ಸಿ ಲೈಬ್ರರಿ ಇದೇ ಉಪಾಯ ಬಳಸುತ್ತದೆ. ವಿಡಿಯೊದ ಎಫ್‌ಎಫ್‌ಎಂಪೆಗ್, ಗೂಢಲಿಪಿಯ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಪದೇ ಪದೇ ಓಡುವ ‘ಬಿಸಿ’ ಭಾಗಗಳನ್ನು ಅಸೆಂಬ್ಲಿ ಭಾಷೆಯಲ್ಲಿ ಕೈಯಿಂದಲೇ ಬರೆದಿದ್ದಾರೆ. ಇವುಗಳನ್ನು ಮನೆಯಲ್ಲಿ ಮತ್ತೆ ಕಂಪೈಲ್ ಮಾಡಿದರೆ ಸಿಗುವ ಹೆಚ್ಚಿನ ವೇಗ ಅತ್ಯಲ್ಪ.

ಕನ್ನಡಕ್ಕೆ ಹತ್ತಿರದ ಉದಾಹರಣೆ ಟೆಸರಾಕ್ಟ್. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪುಟದಿಂದ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಈ ತಂತ್ರಾಂಶ 1985ರಿಂದ ಎಚ್‌ಪಿ ಕಂಪನಿಯಲ್ಲಿ ಬೆಳೆದು, 2005ರಲ್ಲಿ ಮುಕ್ತ ತಂತ್ರಾಂಶವಾಯಿತು. ನ್ಯೂರಲ್ ನೆಟ್‌ವರ್ಕ್ ಆಧಾರಿತ 4ನೆಯ ಆವೃತ್ತಿ 2018ರ ಅಕ್ಟೋಬರಿನಲ್ಲಿ ಹೊರಬಂತು. ಅದು ಗುರುತಿಸಬಲ್ಲ ಭಾಷೆಗಳಲ್ಲಿ ಕನ್ನಡವೂ ಇದೆ. ನ್ಯೂರಲ್ ನೆಟ್‌ವರ್ಕ್ ಎಂದರೆ ಗುಣಾಕಾರ, ಸಂಕಲನಗಳ ರಾಶಿ. ಎವಿಎಕ್ಸ್2 ಇದ್ದರೆ ನಿಜಕ್ಕೂ ಲಾಭವಿದೆ. ಅದಕ್ಕಾಗಿ ಸೋರ್ಸ್ ಹಿಡಿದು ಹೊರಡಬೇಕೇ? ಉಬುಂಟು ಪ್ಯಾಕೇಜಿನಿಂದ ಬಂದ ಟೆಸರಾಕ್ಟ್‌ಗೆ ಅದರ ಆವೃತ್ತಿ ಯಾವುದೆಂದು ಟರ್ಮಿನಲ್‌ನಲ್ಲಿ ಕೇಳಿ ನೋಡಿ. ಆವೃತ್ತಿ ಸಂಖ್ಯೆಯ ಕೆಳಗೆ ‘ಫೌಂಡ್ ಎವಿಎಕ್ಸ್2’, ‘ಫೌಂಡ್ ಎಫ್‌ಎಂಎ’, ‘ಫೌಂಡ್ ಎಸ್‌ಎಸ್‌ಇ4.1’ ಎಂಬ ಸಾಲುಗಳು ಬರುತ್ತವೆ. ಯಂತ್ರದಲ್ಲಿ ಏನಿದೆ ಎಂಬುದನ್ನು ಸಿದ್ಧ ಪ್ಯಾಕೇಜೇ ಪತ್ತೆ ಮಾಡಿ ಬಳಸಿಕೊಂಡಿರುತ್ತದೆ.

ಮುನ್ನೂರು ಪುಟದ ಪುಸ್ತಕವನ್ನು ಬೇಗ ಮುಗಿಸಬೇಕೆನ್ನುವವರಿಗೆ ಬೇರೆ ಎರಡು ಕೀಲಿಗಳಿವೆ. ಟೆಸರಾಕ್ಟ್ ಒಂದೊಂದು ಪುಟಕ್ಕೂ ಹಲವು ಥ್ರೆಡ್ಡುಗಳನ್ನು ಎಬ್ಬಿಸುತ್ತದೆ. ಹಲವು ಪುಟಗಳನ್ನು ಒಟ್ಟಿಗೆ ಓಡಿಸಿದಾಗ ಆ ಥ್ರೆಡ್ಡುಗಳು ಒಂದರ ಕಾಲನ್ನು ಒಂದು ತುಳಿದು ಎಲ್ಲವೂ ನಿಧಾನವಾಗುತ್ತವೆ. ‘ಓಎಂಪಿ ಥ್ರೆಡ್ ಲಿಮಿಟ್’ ಎಂಬ ಪರಿಸರ ಚರಾಂಶವನ್ನು 1ಕ್ಕೆ ಇಟ್ಟು, ಕೋರಿಗೊಂದು ಪುಟದಂತೆ ಹಂಚಿದರೆ ಕೆಲಸ ಸಲೀಸಾಗುತ್ತದೆ. ಎರಡನೆಯದು, ‘ಬೆಸ್ಟ್’ ಮಾದರಿಯ ಬದಲು ಪೂರ್ಣಾಂಕಗಳಲ್ಲಿ ಲೆಕ್ಕ ಮಾಡುವ ‘ಫಾಸ್ಟ್’ ಮಾದರಿಯನ್ನು ಆರಿಸಿಕೊಳ್ಳುವುದು. ಕನ್ನಡ ಪುಸ್ತಕಗಳ ಡಿಜಿಟಲೀಕರಣಕ್ಕೆ ಕೈಹಾಕುವವರು ಕಂಪೈಲರ್ ಸೂಚನೆಗಳ ಹಿಂದೆ ಬೀಳುವ ಮೊದಲು ಇವೆರಡನ್ನೂ ಮಾಡಿ ನೋಡುವುದು ಲೇಸು.

ಸ್ವಂತ ಕಂಪೈಲ್ ಹಿಂದೆ ಬೀಳುವ ಸಂದರ್ಭ

ಸೋರ್ಸ್‌ನಿಂದ ಕಂಪೈಲ್ ಮಾಡಿದ್ದು ಸಿದ್ಧ ಪ್ಯಾಕೇಜಿಗಿಂತ ನಿಧಾನವಾಗಿ ಓಡುವುದೂ ಉಂಟು. ಅನೇಕರಿಗೆ ಇದನ್ನು ನಂಬಲು ಕಷ್ಟವಾಗುತ್ತದೆ. ಸಿಮೇಕ್ ಎಂಬ ಕಟ್ಟುವ ಸಲಕರಣೆ ಬಳಸುವ ಯೋಜನೆಗಳಲ್ಲಿ ‘ಬಿಲ್ಡ್ ಟೈಪ್’ ಹೇಳದೆ ಕಂಪೈಲ್ ಮಾಡಿದರೆ, ಯೋಜನೆಯವರೇ ಬೇರೆ ಏರ್ಪಾಡು ಮಾಡಿರದಿದ್ದಲ್ಲಿ, ಯಾವ ಸುಧಾರಣಾ ಸೂಚನೆಯೂ ಕಂಪೈಲರಿಗೆ ತಲುಪುವುದಿಲ್ಲ. ಹೊರಬರುವ ಬೈನರಿ ‘ಓ2’ ಮಟ್ಟದಲ್ಲಿ ಕಟ್ಟಿದ ಪ್ಯಾಕೇಜಿಗಿಂತ ಎಷ್ಟೋ ನಿಧಾನ. ‘ರಿಲೀಸ್’ ಎಂಬ ಒಂದು ಪದ ಬಿಟ್ಟುಹೋದದ್ದರ ಫಲ ಅದು.

ಪೈಥಾನ್ ಇನ್ನೂ ಸೂಕ್ಷ್ಮ. ಡೆಬಿಯನ್, ಉಬುಂಟುಗಳ ಪೈಥಾನನ್ನು ಎರಡು ಬಾರಿ ಕಂಪೈಲ್ ಮಾಡಿರುತ್ತಾರೆ. ಮೊದಲ ಬಾರಿಯದನ್ನು ಪರೀಕ್ಷಾ ಕೆಲಸಗಳ ಮೇಲೆ ಓಡಿಸಿ, ಯಾವ ಕವಲು ಎಷ್ಟು ಸಲ ಹಿಡಿಯಿತು ಎಂದು ದಾಖಲಿಸಿಕೊಳ್ಳುತ್ತಾರೆ. ಎರಡನೆಯ ಬಾರಿ ಕಂಪೈಲರ್ ಆ ದಾಖಲೆ ನೋಡಿ ಕೋಡನ್ನು ಜೋಡಿಸುತ್ತದೆ. ಪಿಜಿಒ ಎಂದು ಕರೆಯುವ ಈ ವಿಧಾನವನ್ನೇ ಮೊಜಿಲ್ಲಾ ಫೈರ್‌ಫಾಕ್ಸ್‌ಗೂ ಬಳಸುತ್ತದೆ. ಪೈಥಾನ್ ಸೋರ್ಸ್ ತಂದು ಬರೀ ಕಾನ್ಫಿಗರ್, ಮೇಕ್ ಎಂದು ಓಡಿಸಿದವರಿಗೆ ಇದಾವುದೂ ಸಿಗುವುದಿಲ್ಲ. ‘ಎನೇಬಲ್ ಆಪ್ಟಿಮೈಸೇಷನ್ಸ್’ ಎಂಬ ಆಯ್ಕೆಯನ್ನು ತಾವೇ ಸೇರಿಸಬೇಕು. ಪ್ಯಾಕೇಜ್ ನಿರ್ವಾಹಕರು ವರ್ಷಗಟ್ಟಲೆ ಕೂಡಿಹಾಕಿದ ತಿಳಿವಳಿಕೆ ಆ ಸಿದ್ಧ ಬೈನರಿಯಲ್ಲಿದೆ. ಅವರ ಶ್ರಮಕ್ಕೆ ಸಲ್ಲಬೇಕಾದ ಮನ್ನಣೆ ಈ ಚರ್ಚೆಯಲ್ಲಿ ಸಿಗುವುದು ಕಡಿಮೆ.

ಇನ್ನೊಂದು ಪಕ್ಕವೂ ಇದೆ. ವಿತರಣೆಗಳು ಸುರಕ್ಷತೆಗಾಗಿ, ದೋಷ ಹುಡುಕುವ ಅನುಕೂಲಕ್ಕಾಗಿ ವೇಗದಲ್ಲಿ ಒಂದಿಷ್ಟು ಬಿಟ್ಟುಕೊಡುತ್ತವೆ. 2023ರಲ್ಲಿ ಫೆಡೋರಾ, 2024ರಲ್ಲಿ ಉಬುಂಟು ಕರೆಗಳ ಜಾಡು ಹಿಡಿಯಲು ನೆರವಾಗುವ ಫ್ರೇಮ್ ಪಾಯಿಂಟರನ್ನು ಉಳಿಸಿಕೊಂಡು ಕಂಪೈಲ್ ಮಾಡಿದ ಆವೃತ್ತಿಗಳನ್ನು ಹೊರತಂದವು. 64 ಬಿಟ್ ಯಂತ್ರಗಳಲ್ಲಿ ಇದರ ವೆಚ್ಚ ಬಹುತೇಕ ಶೇ 1ರಿಂದ 2 ಎಂಬುದು ಉಬುಂಟುವಿನ ಅಂದಾಜು. ಪ್ರೋಗ್ರಾಮ್ ಎಲ್ಲಿ ಹೊತ್ತು ಕಳೆಯುತ್ತಿದೆ ಎಂಬುದನ್ನು ಅಳೆಯುವ ಸೌಕರ್ಯ ಅದರಿಂದ ಎಲ್ಲರಿಗೂ ಸಿಗುವುದಾದರೆ ಅದು ಯೋಗ್ಯ ಬೆಲೆಯೇ.

ಜೆಂಟೂ ತಿರುವು

ತೊಂಬತ್ತರ ದಶಕದಲ್ಲಿ ಲಿನಕ್ಸ್ ಭಾರತದ ಮನೆಗಳಿಗೆ ಹರಡಿದ್ದು ಹೆಚ್ಚಾಗಿ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳ ಮೂಲಕ. ಬೇಕಾದ ತಂತ್ರಾಂಶ ಸಿಡಿಯಲ್ಲಿಲ್ಲದಿದ್ದರೆ ಸೋರ್ಸ್ ತಂದು ಕಂಪೈಲ್ ಮಾಡದೆ ಗತಿಯಿರಲಿಲ್ಲ. ಬೆಂಗಳೂರಿನಲ್ಲಿ 2001ರಲ್ಲಿ ಲಿನಕ್ಸ್ ಬೆಂಗಳೂರು ಹೆಸರಿನಲ್ಲಿ ಆರಂಭವಾಗಿ ಮುಂದೆ ಫಾಸ್.ಇನ್ ಆದ ಸಮ್ಮೇಳನ 2012ರವರೆಗೆ ನಡೆಯಿತು. ಅದು ಬೆಳೆದದ್ದೂ ಸೋರ್ಸ್ ದಾರಿಯ ಉತ್ಸಾಹ ಜಗತ್ತಿನಾದ್ಯಂತ ಏರುತ್ತಿದ್ದ ಕಾಲದಲ್ಲೇ. ಡೇನಿಯಲ್ ರಾಬಿನ್ಸ್ ಹುಟ್ಟುಹಾಕಿದ ಜೆಂಟೂ ವಿತರಣೆಯ 1.0 ಆವೃತ್ತಿ 2002ರ ಮಾರ್ಚ್‌ನಲ್ಲಿ ಬಂತು. ಇಡೀ ವ್ಯವಸ್ಥೆಯನ್ನು ಬಳಕೆದಾರರ ಯಂತ್ರದಲ್ಲೇ ಕಂಪೈಲ್ ಮಾಡುವುದು ಅದರ ಪದ್ಧತಿ. ಫ್ರೀಬಿಎಸ್‌ಡಿ ಕಾರ್ಯವ್ಯವಸ್ಥೆಯ ಪೋರ್ಟ್ಸ್ ಏರ್ಪಾಡು ಅದಕ್ಕೆ ಪ್ರೇರಣೆ. ವೇಗಕ್ಕಿಂತ ಹೆಚ್ಚಾಗಿ ಅದು ಕೊಟ್ಟದ್ದು ಆಯ್ಕೆಯ ಸ್ವಾತಂತ್ರ್ಯ. ಬೇಡದ ಭಾಗವನ್ನು ‘ಯೂಸ್ ಫ್ಲ್ಯಾಗ್’ ಮೂಲಕ ಕಂಪೈಲ್ ಹಂತದಲ್ಲೇ ಕಿತ್ತುಹಾಕಬಹುದು. ಅದೇ ಜೆಂಟೂ 2023ರ ಡಿಸೆಂಬರಿನಲ್ಲಿ ಅಧಿಕೃತ ಬೈನರಿ ಪ್ಯಾಕೇಜುಗಳನ್ನು ಕೊಡಲು ಶುರುಮಾಡಿತು. ಸೋರ್ಸ್ ದಾರಿಯ ದೊಡ್ಡ ಮನೆಯೇ ಸಿದ್ಧ ಪ್ಯಾಕೇಜಿಗೆ ಬಾಗಿಲು ತೆರೆದದ್ದು ಈ ಇತಿಹಾಸದ ಮುಖ್ಯ ಘಟನೆ.

ಬೈನರಿ ವಿತರಣೆಗಳೂ ಇತ್ತ ಸರಿದಿವೆ. 2020ರಲ್ಲಿ ಎಕ್ಸ್86-64ಕ್ಕೆ ವಿ1ರಿಂದ ವಿ4ರವರೆಗೆ ನಾಲ್ಕು ಮಟ್ಟಗಳನ್ನು ಗುರುತಿಸಲಾಯಿತು. ಎವಿಎಕ್ಸ್2 ಬರುವುದು ವಿ3ರಲ್ಲಿ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 (2022) ವಿ2 ಕೇಳಿತು, 2025ರ 10ನೆಯ ಆವೃತ್ತಿ ವಿ3 ಕೇಳುತ್ತದೆ. ಸೂಪರ್‌ಕಂಪ್ಯೂಟರುಗಳಲ್ಲಿ ಸೋರ್ಸ್‌ನಿಂದ ಕಟ್ಟಲು ಬಳಸುವ ಸ್ಪ್ಯಾಕ್ ಕೂಡ ಈಗ ಪ್ರೊಸೆಸರ್ ಪೀಳಿಗೆವಾರು ಕಟ್ಟಿದ ಬೈನರಿಗಳ ಭಂಡಾರ ಇಟ್ಟುಕೊಂಡಿದೆ. ಎರಡು ದಾರಿಗಳ ನಡುವಿನ ಗೋಡೆ ತೆಳುವಾಗುತ್ತಿದೆ.

ಭೀಮಾ ದಂಡೆಯ ಯಂತ್ರ

ಅಫಜಲಪುರ ತಾಲೂಕಿನ ಘತ್ತರಗಿ ಭಾಗ್ಯವಂತಿ ದೇವಿಯ ಗುಡಿಯಿಂದ ಹೆಸರಾದ ಊರು. ಇಂಥ ಊರಿನ ಶಾಲೆಯಲ್ಲೋ ಅರ್ಜಿ ತುಂಬಿಕೊಡುವ ಅಂಗಡಿಯಲ್ಲೋ ಸೆಲೆರಾನ್ ಎನ್4020 ಪ್ರೊಸೆಸರಿನ, 4 ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಇದೆ ಎಂದುಕೊಳ್ಳೋಣ. 2019ರಲ್ಲಿ ಬಂದದ್ದಾದರೂ ಈ ಪ್ರೊಸೆಸರಿನಲ್ಲಿ ಎವಿಎಕ್ಸ್ ಇಲ್ಲ. ಅದು ನಿಲ್ಲುವುದು ವಿ2 ಮಟ್ಟದಲ್ಲಿ. ಅಂದರೆ ಹ್ಯಾಸ್ವೆಲ್‌ಗೆ ಸಿಗುವ ಲಾಭ ಇಲ್ಲಿ ‘ನೇಟಿವ್’ ಎಂದು ಕಂಪೈಲ್ ಮಾಡಿದರೂ ಸಿಗದು. ಬೇರೆ ಕಡೆ ಹೊಸ ಯಂತ್ರದಲ್ಲಿ ‘ನೇಟಿವ್’ ಎಂದು ಕಟ್ಟಿದ ಬೈನರಿಯನ್ನು ಪೆನ್‌ಡ್ರೈವಿನಲ್ಲಿ ತಂದು ಓಡಿಸಿದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಅಲ್ಲೇ ನಿಂತುಬಿಡುವ ಸಾಧ್ಯತೆಯೇ ಹೆಚ್ಚು.

ಎರಡೇ ಕೋರುಗಳ ಆ ಯಂತ್ರದಲ್ಲಿ ದೊಡ್ಡ ಸಿ++ ತಂತ್ರಾಂಶವನ್ನು ಕಂಪೈಲ್ ಮಾಡಲು ಹೊರಟರೆ ಗಂಟೆಗಳು ಉರುಳುತ್ತವೆ. ಕೊನೆಗೆ ಮೆಮೊರಿ ಸಾಲದೆ, ‘ಸಿಸಿ1ಪ್ಲಸ್’ ಕೊಲ್ಲಲ್ಪಟ್ಟಿದೆ ಎಂಬ ಸಂದೇಶದೊಂದಿಗೆ ಕೆಲಸ ಅರ್ಧಕ್ಕೆ ಮುರಿದು ಬೀಳಬಹುದು. ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಮಾಮೂಲು. ಬಿಸಿಯಾದ ಪ್ರೊಸೆಸರ್ ತನ್ನ ಗಡಿಯಾರವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ವಿದ್ಯುತ್ ನಡುವೆ ಹೋದರೆ ಕಥೆಯೇ ಬೇರೆ. ಶೇ 2ರ ಲಾಭಕ್ಕೆ ಹತ್ತು ಗಂಟೆ ಕಂಪೈಲ್ ಮಾಡಿದರೆ, ಆ ಹತ್ತು ಗಂಟೆ ಮರಳಿ ಬರಲು ತಂತ್ರಾಂಶ ಐನೂರು ಗಂಟೆ ಎಡೆಬಿಡದೆ ಲೆಕ್ಕ ಮಾಡುತ್ತಿರಬೇಕು. ಅಷ್ಟರೊಳಗೆ ಹೊಸ ಆವೃತ್ತಿ ಬಂದು ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ.

ಇದೇ ಊರಿಗೆ ದರ್ಶನಕ್ಕೆ ಬರುವವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನುಗಳಲ್ಲಿ ಮಾತ್ರ ಯಂತ್ರದಲ್ಲೇ ಕಂಪೈಲ್ ಮಾಡುವ ಪದ್ಧತಿ ಗದ್ದಲವಿಲ್ಲದೆ ನಡೆಯುತ್ತಿದೆ. ಆ್ಯಪುಗಳು ಬಹುಪಾಲು ಬರುವುದು ಸೋರ್ಸ್ ಆಗಿಯೂ ಅಲ್ಲ, ಪೂರ್ತಿ ಬೈನರಿಯಾಗಿಯೂ ಅಲ್ಲ, ನಡುವಿನ ಬೈಟ್‌ಕೋಡ್ ರೂಪದಲ್ಲಿ. 2014ರ ಆಂಡ್ರಾಯ್ಡ್ 5.0 ಆ್ಯಪ್ ಹಾಕುವಾಗಲೇ ಎಲ್ಲವನ್ನೂ ಕಂಪೈಲ್ ಮಾಡುತ್ತಿತ್ತು. ವ್ಯವಸ್ಥೆ ನವೀಕರಿಸಿದಾಗ ಆ್ಯಪುಗಳನ್ನು ಒಂದೊಂದಾಗಿ ಎಣಿಸುತ್ತಾ ಪರದೆ ತಡೆದು ನಿಲ್ಲುತ್ತಿದ್ದುದು ಹಲವರಿಗೆ ನೆನಪಿರಬಹುದು. 2016ರ 7ನೆಯ ಆವೃತ್ತಿಯಿಂದ, ಬಳಕೆದಾರರು ನಿಜವಾಗಿ ಬಳಸುವ ಭಾಗಗಳನ್ನು ಗುರುತಿಟ್ಟುಕೊಂಡು, ಫೋನ್ ಚಾರ್ಜಿಗಿಟ್ಟು ಸುಮ್ಮನಿರುವಾಗ ಅವನ್ನಷ್ಟೇ ಕಂಪೈಲ್ ಮಾಡುತ್ತದೆ. ಬಿಸಿ ಭಾಗಕ್ಕೆ ಮಾತ್ರ ಶ್ರಮ ಹಾಕುವ ಈ ವಿವೇಕ ಪಿಸಿ ಬಳಕೆದಾರರಿಗೂ ಅನ್ವಯಿಸುತ್ತದೆ.

ಅಳತೆಯ ತೊಡಕು

ಸ್ವಂತ ಕಂಪೈಲ್ ಶೇ 3ರಷ್ಟು ವೇಗ ತಂದಿತು ಎನ್ನುವವರ ಮಾತನ್ನು ಒಪ್ಪುವ ಮೊದಲು ಅಳೆದ ರೀತಿಯನ್ನು ಕೇಳಬೇಕು. ಎರಡನೆಯ ಸಲ ಓಡಿಸಿದಾಗ ಕಡತಗಳು ಮೆಮೊರಿಯಲ್ಲಿ ಇದ್ದೇ ಇರುತ್ತವೆ, ಹಾಗಾಗಿ ಏನೂ ಬದಲಿಸದಿದ್ದರೂ ಅದು ಬೇಗ ಮುಗಿಯುತ್ತದೆ. ಲಿಂಕ್ ಮಾಡುವ ಕಡತಗಳ ಕ್ರಮ, ಪರಿಸರ ಚರಾಂಶಗಳ ಒಟ್ಟು ಗಾತ್ರ ಇವು ಬದಲಾದರೂ ವೇಗ ಏರುಪೇರಾಗುತ್ತದೆ ಎಂದು ಟಾಡ್ ಮಿಟ್ಕೊವಿಚ್ ಮತ್ತು ಸಂಗಡಿಗರು 2009ರಲ್ಲೇ ತೋರಿಸಿದ್ದಾರೆ. ಪ್ರೊಸೆಸರಿನ ವೇಗವನ್ನು ಸ್ಥಿರವಾಗಿಟ್ಟು, ಎರಡೂ ಬೈನರಿಗಳನ್ನು ಅದಲುಬದಲಾಗಿ ಹಲವು ಸಲ ಓಡಿಸಿ, ಹರಹನ್ನೂ ನೋಡಿದ ಮೇಲೆ ಉಳಿಯುವ ಅಂತರ ಮಾತ್ರ ನಿಜ.

ಸುರಕ್ಷತೆಯ ತಿದ್ದುಪಡಿಗಳನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಪ್ಯಾಕೇಜಾಗಿ ಹಾಕಿಕೊಂಡದ್ದಕ್ಕೆ ದೋಷ ಪತ್ತೆಯಾದಾಗ ವಿತರಣೆಯೇ ತಿದ್ದಿದ ಆವೃತ್ತಿ ಕಳಿಸುತ್ತದೆ. ಕೈಯಾರೆ ಕಂಪೈಲ್ ಮಾಡಿ ಇಟ್ಟುಕೊಂಡದ್ದನ್ನು ವಿಚಾರಿಸುವವರು ಅದನ್ನು ಕಟ್ಟಿದವರು ಮಾತ್ರ, ಅವರು ಮರೆತರೆ ಯಾರೂ ಇಲ್ಲ.

ಒಟ್ಟಾರೆ ತೀರ್ಪು ಇಷ್ಟು: ದಿನಬಳಕೆಗೆ ವಿತರಣೆಯ ಸಿದ್ಧ ಪ್ಯಾಕೇಜನ್ನೇ ಹಾಕಿಕೊಳ್ಳಿ. ದಿನಗಟ್ಟಲೆ ಓಡುವ ಲೆಕ್ಕಾಚಾರವಿದ್ದರೆ ಮೊದಲು ಅದರ ಲಾಗ್ ಓದಿ, ಆಮೇಲೆ ಲೈಬ್ರರಿ ಬದಲಿಸಿ ನೋಡಿ. ಅದಕ್ಕೂ ಜಗ್ಗದಿದ್ದರೆ ಆ ಒಂದು ತಂತ್ರಾಂಶವನ್ನು ಮಾತ್ರ ಸೋರ್ಸ್‌ನಿಂದ, ಸರಿಯಾದ ಸೂಚನೆಗಳೊಂದಿಗೆ ಕಂಪೈಲ್ ಮಾಡಿ.